ಅರ್ಧ ಗಡ್ಡದ ವರ್ತಕ

ಶಿಷ್ಯ ಕೇಳಿದ: “ಗುರುಗಳೇ, ತಪ್ಪು ಮಾಡಿದವನನ್ನು ಕ್ಷಮಿಸಿಬಿಟ್ಟರೆ ನ್ಯಾಯದ ಗತಿ ಏನು?”

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಸುತ್ತಲಿನ ಹಳ್ಳಿಗಳಿಗೆಲ್ಲ ಅವನೊಬ್ಬನೇ. ಒಂದು ದಿನ ಅಲ್ಲಿಯ ವರ್ತಕನ ಉಂಗುರ ಕಾಣೆಯಾಯಿತು. ಅಂದು ಬೆಳಿಗ್ಗೆ ಗಡ್ಡ ಬೋಳಿಸಲು ಮನೆಗೆ ಬಂದಿದ್ದವನು ಕ್ಷೌರಿಕ. ಕದ್ದವನೂ ಅವನೇ ಎಂದು ವರ್ತಕ ತೀರ್ಮಾನಿಸಿದ. ಬಾವಿಕಟ್ಟೆಯ ಬಳಿ, ಜನರೆದುರು, ಕಪಾಳಕ್ಕೆ ಹೊಡೆದ.

ನಾಲ್ಕು ದಿನ ಕಳೆದು ಉಂಗುರ ಬೆಲ್ಲದ ಮೂಟೆಯಲ್ಲಿ ಸಿಕ್ಕಿತು. ವರ್ತಕ ಅದನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟು ಬಾಯಿ ಮುಚ್ಚಿಕೊಂಡ.

ಕ್ಷೌರಿಕನ ಹೆಸರು ಕೆಟ್ಟಿತು. ಜನ ಅವನನ್ನು ಬಿಡುವಂತಿರಲಿಲ್ಲ, ಗಡ್ಡ ಬೆಳೆಯುತ್ತದಲ್ಲ. ಆದರೆ ಉಂಗುರ ಕಳಚಿ ಹೆಂಡತಿಯ ಕೈಗೆ ಕೊಟ್ಟು ಬಂದು ಕೂರತೊಡಗಿದರು. ಉಂಗುರವೇ ಇಲ್ಲದವರೂ ಬೆರಳು ಮುಚ್ಚಿಕೊಂಡರು. ಪ್ರತಿ ಸಲವೂ ಅವನಿಗೆ ಅದೇ ಕೆನ್ನೆ ಉರಿಯುತ್ತಿತ್ತು.

ಅತ್ತ ವರ್ತಕನಿಗೆ ಆ ಕತ್ತಿಗೆ ಗಂಟಲು ಒಡ್ಡುವ ಧೈರ್ಯವಿಲ್ಲ. ಗಡ್ಡ ಎದೆಗಿಳಿಯಿತು. ನಾಳೆ ಮಗಳ ಮದುವೆ ಎನ್ನುವಾಗ ಹೆಂಡತಿ ರೇಗಿದಳು: “ಬೀಗರು ನಿಮ್ಮನ್ನು ಬೈರಾಗಿ ಎಂದುಕೊಂಡು ಭಿಕ್ಷೆ ಹಾಕುತ್ತಾರೆ, ನೋಡುತ್ತಿರಿ.”

ವರ್ತಕ ಕ್ಷೌರಿಕನ ಜಗಲಿಗೆ ಬಂದು ಕೂತ. ಕ್ಷೌರಿಕ ಬಲಗೆನ್ನೆ ಬೋಳಿಸಿದ. ಕತ್ತಿ ಗಂಟಲಿಗೆ ಬಂತು. ಕೈ ನಡುಗಿತು. ಜಾರಿತು ಎಂದರೆ ಯಾರು ಕೇಳುತ್ತಾರೆ ಎಂದಿತು ಮನಸ್ಸು.

ಕ್ಷೌರಿಕ ಕತ್ತಿ ಕೆಳಗಿಟ್ಟ.

“ಯಾಕಯ್ಯಾ ನಿಲ್ಲಿಸಿದೆ?”

“ಕೈ ನಡುಗುತ್ತಿದೆ, ಸಾಹುಕಾರರೇ. ಈ ಕೈಯಲ್ಲಿ ನಿಮ್ಮ ಗಂಟಲು ಮುಟ್ಟಲಾರೆ.”

“ಅರ್ಧ ಗಡ್ಡದಲ್ಲಿ ಮಗಳನ್ನು ಧಾರೆ ಎರೆದು ಕೊಡಲೇನು? ನಡುಕ ಯಾವಾಗ ನಿಲ್ಲುತ್ತದೆ?”

“ಯಾಕೆ ನಡುಗುತ್ತಿದೆ ಎಂದು ನಿಮಗೇ ಗೊತ್ತು.”

ವರ್ತಕ ಗಂಟಲು ಸವರಿಕೊಂಡ. ಎಲ್ಲೂ ಗೀರಿರಲಿಲ್ಲ. ಆಮೇಲೆ ಎದ್ದು, ಅದೇ ಮುಖದಲ್ಲಿ ಬಾವಿಕಟ್ಟೆಗೆ ನಡೆದ. ಕ್ಷೌರಿಕ ಕ್ಷೌರದ ಪೆಟ್ಟಿಗೆ ಹಿಡಿದು ಹಿಂದೆ ಹೋದ. ದಾರಿಯ ಎಡಗಡೆ ಇದ್ದವರು ವರ್ತಕನಿಗೆ ನಮಸ್ಕರಿಸಿದರು. ಬಲಗಡೆ ಇದ್ದವರು ಯಾವೂರಾಯಿತು ಎಂದು ಕೇಳಿದರು.

ವರ್ತಕ ಕಟ್ಟೆ ಹತ್ತಿ ನಿಂತ. “ಉಂಗುರ ನನ್ನ ಬೆಲ್ಲದ ಮೂಟೆಯಲ್ಲೇ ಇತ್ತು. ಇವನು ಕದ್ದಿಲ್ಲ. ನಾನು ಹೊಡೆದದ್ದು ತಪ್ಪು. ಗೊತ್ತಾದ ಮೇಲೂ ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು.”

ನೀರಿಗೆ ಬಂದ ಮುದುಕಿಯೊಬ್ಬಳು ಅವನ ಮುಖ ನೋಡಿ ಕೇಳಿದಳು: “ಅಲ್ಲಪ್ಪಾ, ಇಷ್ಟು ದೊಡ್ಡ ತಪ್ಪಿಗೆ ಅರ್ಧ ಗಡ್ಡ ಸಾಕೇ?”

ಮೊದಲು ನಕ್ಕವನು ವರ್ತಕ. ಕ್ಷೌರಿಕನಿಗೂ ನಗು ತಡೆಯಲಾಗಲಿಲ್ಲ. ವರ್ತಕನನ್ನು ಅಲ್ಲೇ ಕೂರಿಸಿ ಉಳಿದದ್ದನ್ನು ಬೋಳಿಸಿದ. ಕೈ ಅಲುಗಲಿಲ್ಲ. ಮರುದಿನದಿಂದ ಜನ ಉಂಗುರ ಹಾಕಿಕೊಂಡೇ ಬಂದು ಕೂತರು.

ಶಿಷ್ಯನೂ ನಗುತ್ತಿದ್ದ. “ತಿಳಿಯಿತು, ಗುರುಗಳೇ. ಮೊದಲು ನ್ಯಾಯ, ಆಮೇಲೆ ಕ್ಷಮೆ. ವರ್ತಕ ತಪ್ಪು ಒಪ್ಪಿಕೊಂಡ, ಕ್ಷೌರಿಕ ಕ್ಷಮಿಸಿದ.”

ಗುರುಗಳು ಹೇಳಿದರು: “ಅವನು ಕ್ಷಮಿಸಿದ್ದು ಕತ್ತಿ ಕೆಳಗಿಟ್ಟಾಗ.”