ಕೊಟ್ರಮ್ಮನ ಕಂಪ್ಯೂಟರು ಓದಿದ ಫೋಟೋ

ಇಲಾಖೆಯ ಹೊಸ ವೆಬ್‌ಸೈಟು ಮರುದಿನವೇ ಉದ್ಘಾಟನೆಯಾಗಬೇಕಿತ್ತು. ನಿರ್ದೇಶಕ ಪರಸಪ್ಪನವರು ಒಂದು ಹಾಳೆ ಹಿಡಿದು ಟೈಪಿಸ್ಟ್ ಕೊಟ್ರಮ್ಮನ ಮೇಜಿಗೆ ಬಂದರು. ಕೊಟ್ರಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣದು. ತೆರೆಯ ಮೇಲಿದ್ದದ್ದನ್ನೆಲ್ಲ ಅವಳ ಕಂಪ್ಯೂಟರು ಓದಿ ಹೇಳುತ್ತದೆ.

“‘ಅಂಧರೂ ಸರಾಗವಾಗಿ ಬಳಸಬಹುದು’ ಅಂತ ಬರೆದಿದ್ದೀನಿ. ರುಜು ಹಾಕಮ್ಮ.”

“ಒಂದ್ಸಲ ಪರೀಕ್ಷೆ ಮಾಡಿ ಹಾಕ್ತೀನಿ ಸಾರ್.”

“ಕಾಣದವಳು ನೀನೇನು ಪರೀಕ್ಷೆ ಮಾಡ್ತೀಯ? ಸುಮ್ನೆ ಹಾಕು. ಇಲ್ಲಾಂದ್ರೆ ಬೀದರಿಗೆ ವರ್ಗ.”

ಕೊಟ್ರಮ್ಮ ಪೆನ್ನು ತಗೊಂಡಳು. ಬೆಳಿಗ್ಗೆಯೇ ಅವಳು ಆ ವೆಬ್‌ಸೈಟನ್ನು ಪೂರ್ತಿ ಕೇಳಿ ಮುಗಿಸಿದ್ದಳು.

“ಆಯ್ತು ಸಾರ್. ವೆಬ್‌ಸೈಟಲ್ಲಿರೋ ನಿಮ್ಮ ಫೋಟೋ ಒಂದು ಕೇಳಿಬಿಡಿ” ಎಂದವಳೇ ಇಯರ್‌ಫೋನ್ ಕಿತ್ತು ದನಿ ಜೋರು ಮಾಡಿದಳು.

ಕಂಪ್ಯೂಟರು ಸ್ಪಷ್ಟವಾಗಿ ಓದಿತು: “ಚಿತ್ರ. ವಿಗ್ ಸಾಹೇಬ್ರು, ಎರಡು, ಫೈನಲ್.”

ಇಡೀ ಕಚೇರಿಯಲ್ಲಿ ಠಸ್ಸೆ ಹೊಡೆಯುವ ಸದ್ದು ನಿಂತಿತು. ಯಾರದೋ ಲೋಟ ನೆಲಕ್ಕೆ ಬಿತ್ತು, ಎತ್ತುವವರಿಲ್ಲ. ಸಾಹೇಬರ ವಾಚಿನ ಚೈನು ಝಣಗುಡುತ್ತ ತಲೆಯವರೆಗೆ ಏರಿದ್ದು ಕೊಟ್ರಮ್ಮನಿಗೆ ಕೇಳಿಸಿತು.

“ಯಾ... ಯಾರು ಬರೆದದ್ದು ಇದನ್ನ?”

“ಯಾರೂ ಬರೆದಿಲ್ಲ ಸಾರ್, ಅದೇ ತೊಂದರೆ. ಫೋಟೋದಲ್ಲಿ ಯಾರಿದ್ದಾರೆ ಅಂತ ವಿವರ ಬರೆಯದಿದ್ರೆ ಇದು ಫೈಲಿನ ಹೆಸರನ್ನೇ ಓದುತ್ತೆ. ವೆಬ್‌ಸೈಟ್ ಮಾಡಿದವರು ಇಟ್ಟ ಹೆಸರು ಅದು.”

ಸಾಹೇಬರು ಹಾಳೆಯನ್ನು ತಾವೇ ಹರಿದರು. ಆಮೇಲೆ ಬಗ್ಗಿ, ಪಿಸುದನಿಯಲ್ಲಿ ಕೇಳಿದರು: “ಇದು ಎಷ್ಟು ಜನಕ್ಕೆ ಗೊತ್ತಾಗುತ್ತಮ್ಮಾ?”

“ಹೊಸದಾಗಿ ಗೊತ್ತಾಗೋದು ಕಣ್ಣು ಕಾಣದ ನಮಗಷ್ಟೇ ಸಾರ್. ಕಾಣೋರಿಗೆ ಮೊದಲಿಂದಲೂ ಗೊತ್ತು.”