ಕಣ್ಣು ಹೊಡೆದ ಹೆಡ್‌ಲೈಟು

ಆಯುಧಪೂಜೆಗೆಂದು ಹಳೆ ಕಾರನ್ನು ತೊಳೆದು, ಲೈಟು ಹಾಕಿ ನಿಲ್ಲಿಸಿದ್ದರು. ಕೊರಳಿಗೆ ಹಾರ ಬಿದ್ದದ್ದೇ ತಡ, ಹೆಡ್‌ಲೈಟು ಬೀಗಿತು.

ಬಾನೆಟ್ಟಿನೊಳಗಿಂದ ವೈರು ಕೂಗಿತು: "ಅಣ್ಣಾ, ನನ್ನ ಮೈಮೇಲಿನ ರಬ್ಬರು ಬಟ್ಟೆ ಹರಿದು ತಾಮ್ರ ಬಯಲಾಗಿದೆ. ಕಣ್ಣು ಮಿಟುಕಿಸಿ ಯಜಮಾನರಿಗೆ ತಿಳಿಸು."

"ಪೂಜೆಯ ಹೊತ್ತಲ್ಲಿ ಮಿಟುಕಿಸಿದರೆ ನನ್ನ ಮಾನ ಏನಾದೀತು?"

"ಇಲ್ಲಿ ಮಾನ ಹೋದರೆ ನಾಲ್ಕು ಜನ ನಗುತ್ತಾರೆ. ಸಂಜೆ ಘಾಟಿಯ ತಿರುವಿನಲ್ಲಿ ನೀನು ಆರಿಹೋದರೆ ನಗುವುದಕ್ಕೂ ಯಾರೂ ಉಳಿಯುವುದಿಲ್ಲ."

ಹೆಡ್‌ಲೈಟಿನ ಜಂಬ ಇಳಿಯಿತು. ಕುಂಕುಮ ಹಚ್ಚಲು ಬಂದ ಪಂಕಜಮ್ಮನ ಎದುರಿಗೇ ಪಟಪಟನೆ ಕಣ್ಣು ಮಿಟುಕಿಸಿತು.

"ಏನ್ರೀ, ಈ ಮುದುಕ ನನಗೇ ಕಣ್ಣು ಹೊಡೀತಾನೆ!" ಎಂದು ಆಕೆ ನಗುತ್ತ ಗಂಡನನ್ನು ಕರೆದರು. ಅವರು ಬಾನೆಟ್ಟು ಎತ್ತಿ ನೋಡಿದವರೇ ಮೆಕ್ಯಾನಿಕ್ಕನಿಗೆ ಹೇಳಿಕಳಿಸಿದರು.

ಆ ಹಬ್ಬದಲ್ಲಿ ಹಾರ ಹೆಡ್‌ಲೈಟಿಗಾಯಿತು, ಹೊಸ ಬಟ್ಟೆ ವೈರಿಗಾಯಿತು.