ನರಿಯಣ್ಣ ಹೇಳದ ದಾರಿ

ಸಾಲುಬೆಟ್ಟಗಳ ಬುಡದಲ್ಲಿದ್ದ ಒಂದು ಕಾಡಿನಲ್ಲಿ ಆ ವರ್ಷ ಬಿಸಿಲು ಬಲು ಜೋರಾಗಿತ್ತು. ಹಳ್ಳದಲ್ಲಿ ಕಾಲು ತೋಯುವಷ್ಟೇ ನೀರು ಉಳಿದಿತ್ತು. ಮಧ್ಯಾಹ್ನವಾದರೆ ಎಲ್ಲರೂ ಅತ್ತಿಮರದ ನೆರಳಿಗೆ ಬಂದು ಬಿದ್ದುಕೊಳ್ಳುತ್ತಿದ್ದರು. ಬಿದ್ದುಕೊಂಡವರ ಕಣ್ಣೆಲ್ಲ ಬೆಟ್ಟದ ಮೇಲೆ. ಬೆಳಿಗ್ಗೆ ಅಲ್ಲಿ ಮೋಡ ಕೂತಿರುತ್ತಿತ್ತು. ಸಂಜೆ ಬೆಟ್ಟವೆಲ್ಲ ನೀಲಿಯಾಗುತ್ತಿತ್ತು. ಆ ಮೋಡದ ಹಿಂದೆ ಏನಿದೆ ಎಂದು ಯಾರೂ ನೋಡಿರಲಿಲ್ಲ. ನೋಡಿರಲಿಲ್ಲವಾದ್ದರಿಂದಲೇ ಎಲ್ಲರಿಗೂ ಅದರದೇ ಮಾತು.

"ಅಲ್ಲಿ ಬೇಸಿಗೇಲೂ ಹುಲ್ಲು ಹಸಿರಾಗೇ ಇರತ್ತಾ?" ಎಂದು ಕೇಳಿದ ಮೊಲ ಚಂಗಣ್ಣ. "ಮೋಡ ಮುಟ್ಟಿದ್ರೆ ಒದ್ದೆಯಾಗುತ್ತಾ? ಬೆಟ್ಟದ ಆ ಕಡೆಗೂ ಒಂದು ಕಾಡಿದೆಯಾ? ಅಲ್ಲಿಯವರೂ ನಮ್ಮ ಕಡೆ ನೋಡ್ತಾ ಕೂತಿರ್ತಾರಾ?"

ಚಂಗಣ್ಣನಿಗೆ ಪ್ರಶ್ನೆ ಹುಟ್ಟಿದರೆ ನಿಲ್ಲಿಸುವವರಿಲ್ಲ.

"ಕೇಳಿ ಕೇಳಿ ನನ್ನ ಕಿವಿ ತೂತಾಯ್ತು. ಹೋಗಿ ನೋಡ್ಕೊಂಡು ಬಂದುಬಿಡೋಣ ನಡಿ" ಎಂದ ಕಾಡುಕೋಣ ಕಾಟಯ್ಯ.

ಅಷ್ಟು ಸಾಕಾಯಿತು. ಬೆಟ್ಟದ ಪ್ರವಾಸದ ತಯಾರಿ ಶುರುವಾಯಿತು. ಮುಳ್ಳುಹಂದಿ ಮುಳ್ಳಜ್ಜಿ ದಾರಿಗೆ ಬೇಕಾದ ಗೆಡ್ಡೆಗೆಣಸು ಅಗೆದು ರಾಶಿ ಹಾಕುತ್ತೇನೆ ಎಂದಳು. ಕಾಲು ಸೋತವರನ್ನು ಬೆನ್ನ ಮೇಲೆ ಹೊರುವುದು ಕಾಟಯ್ಯನ ಪಾಲಿಗೆ ಬಂತು. ಚಂಗಣ್ಣ ಪ್ರಶ್ನೆ ಕೇಳುವ ಕೆಲಸ ವಹಿಸಿಕೊಂಡ.

ಬಿದಿರು ಮೆಳೆಯ ಬುಡದಲ್ಲಿ ಕೂತು ಇದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದವಳು ಕಾಡುಕೋಳಿ ಚುಕ್ಕಮ್ಮ. ಅವಳು ಮೊಟ್ಟೆಗೆ ಕಾವು ಕೊಡುತ್ತಿದ್ದಳು. ಬೆಟ್ಟ ನೋಡುವ ಆಸೆ ಉಳಿದವರಿಗಿಂತ ಅವಳಿಗೇ ಹೆಚ್ಚು. ಆದರೆ ಪ್ರತಿ ಬೇಸಿಗೆಯಲ್ಲೂ ಅವಳು ಕಾವಿಗೆ ಕೂತಿರುತ್ತಿದ್ದಳು. ಗಂಡ ಹುಂಜಪ್ಪ ಬೆಳಿಗ್ಗೆ ಒಮ್ಮೆ ಜೋರಾಗಿ ಕೂಗಿದರೆ ಆ ದಿನದ ಕೆಲಸ ಮುಗಿಯಿತು ಎಂದು ತಿಳಿದಿದ್ದವನು. ಅವನನ್ನು ಮೊಟ್ಟೆಯ ಮೇಲೆ ಕೂರಿಸುವುದು ಆಗದ ಮಾತು.

"ನೀವೆಲ್ಲ ಹೋಗಿ ಬನ್ನಿ. ಬಂದು ಚೆನ್ನಾಗಿ ವಿವರಿಸಿ ಹೇಳಿ, ಅಷ್ಟೇ ಸಾಕು" ಎಂದಳು ಚುಕ್ಕಮ್ಮ. ಸಾಕು ಎಂದವಳ ದನಿಯಲ್ಲಿ ಸಾಕು ಎನ್ನುವುದು ಇರಲಿಲ್ಲ.

ಪೊದೆಯ ಹಿಂದೆ ಮಲಗಿದ್ದ ನರಿ ಆ ದನಿಯನ್ನು ಕೇಳಿಸಿಕೊಂಡಿತು. ಮೆಲ್ಲಗೆ ಎದ್ದು ಮೈ ಕೊಡವಿ, ಬಾಲ ಅಲ್ಲಾಡಿಸುತ್ತಾ ಬಂದು ನಡುವೆ ಕೂತಿತು.

"ಏನು, ಬೆಟ್ಟಕ್ಕೆ ಹೊರಟಿದೀರಂತೆ? ನನ್ನನ್ನೊಂದು ಮಾತು ಕೇಳಬಾರದಾ? ನಾನು ಹೋಗಿ ಬಂದವನಲ್ವಾ!"

ಎಲ್ಲರೂ ಬಾಯಿ ತೆರೆದು ನೋಡಿದರು. ನರಿ ಹಳ್ಳ ದಾಟಿ ಆಚೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಹೋಗಿಲ್ಲ ಎಂದು ಹೇಳುವುದಾದರೂ ಹೇಗೆ?

"ದಾರಿ ಹೇಳು ನರಿಯಣ್ಣ, ದಾರಿ ಹೇಳು!" ಎಂದು ಚಂಗಣ್ಣ ಕುಣಿದ.

"ಹಳ್ಳ ದಾಟಿದ ಮೇಲೆ ಒಂದು ಬೋಳುಬಂಡೆ" ಎಂದು ನರಿ ಕಣ್ಣು ಅರ್ಧ ಮುಚ್ಚಿ ಶುರುಮಾಡಿತು. "ಅಲ್ಲಿಂದ ಏರು. ಏರು ಹತ್ತುವಾಗ ಎಡಕ್ಕೆ ಜಲಪಾತ. ಹಾಲು ಸುರಿದ ಹಾಗೆ ನೀರು! ಇನ್ನೂ ಮೇಲೆ ಹೋದ್ರೆ ಬಲಕ್ಕೆ ನೇರಳೆ ತೋಪು. ಹಣ್ಣು ನೆಲದ ಮೇಲೇ ಬಿದ್ದಿರ್ತವೆ. ತುತ್ತತುದಿಯಲ್ಲಿ ಒಂದು ಕೊಳ. ನೀರಿಗೆ ಕಾಲಿಟ್ರೆ ಮೈ ಜುಂ ಅನ್ನತ್ತೆ. ಹೋದವರು ಇಡೀ ಬೇಸಿಗೆ ಅಲ್ಲೇ ಇದ್ದುಬಿಡಿ. ಅವಸರ ಏನಿದೆ?"

"ಜಲಪಾತದ ಸದ್ದು ಎಷ್ಟು ದೂರದಿಂದ ಕೇಳತ್ತೆ?" ಎಂದ ಚಂಗಣ್ಣ.

"ಬಂಡೆ ಹತ್ತಿರ ಹೋಗೋ ಹೊತ್ತಿಗೇ ಕೇಳತ್ತೆ."

"ಕೊಳದಲ್ಲಿ ಮೀನಿದೆಯಾ?"

"ಮೀನಿಲ್ಲದೆ ಕೊಳ ಇರತ್ತೇನಪ್ಪಾ?"

ನರಿ ಚುಕ್ಕಮ್ಮನ ಕಡೆ ತಿರುಗಿತು. ದನಿಗೆ ಬೆಲ್ಲ ಸವರಿಕೊಂಡು ಹೇಳಿತು: "ಚುಕ್ಕಕ್ಕಾ, ನಿಮ್ಮನ್ನ ಬಿಟ್ಟು ಇವರು ಹೋಗೋದು ನನಗೆ ಸರಿ ಕಾಣಲ್ಲ. ನಾನಂತೂ ನೋಡಿ ಬಂದವನು. ಇಲ್ಲೇ ಇರ್ತೀನಿ. ನನ್ನ ಮೈಯಲ್ಲಿ ಎಷ್ಟು ಕೂದಲಿದೆ ನೋಡಿ, ನಿಮಗಿಂತ ಬೆಚ್ಚಗಿರತ್ತೆ. ಮೊಟ್ಟೆ ನನಗೆ ಒಪ್ಪಿಸಿ ಹೋಗಿ ಬನ್ನಿ."

ಚುಕ್ಕಮ್ಮ ಕತ್ತು ಎತ್ತಿ ಬೆಟ್ಟದ ಕಡೆ ನೋಡಿದಳು. ಅಷ್ಟು ವರ್ಷಗಳಲ್ಲಿ ನೀನೂ ಹೋಗಿ ಬಾ ಎಂದು ಅವಳಿಗೆ ಹೇಳಿದವರು ಒಬ್ಬರೂ ಇರಲಿಲ್ಲ. ನರಿ ಯಾರು, ಏನು ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೆ ಆಸೆ ಹತ್ತಿದ ಮನಸ್ಸು ನೋಡಿ, ನೂರು ಸಮಾಧಾನ ಹುಡುಕಿಕೊಳ್ಳುತ್ತದೆ. ಪಾಪ, ವಯಸ್ಸಾಗಿದೆ, ಬದಲಾಗಿರಬಹುದು ಎಂದುಕೊಂಡಳು. ಇಷ್ಟು ಜನರ ಎದುರು ಮಾತು ಕೊಟ್ಟವನು ತಪ್ಪುತ್ತಾನೆಯೇ ಎಂದುಕೊಂಡಳು. ಕೊನೆಗೆ "ಹೂಂ" ಎಂದೇಬಿಟ್ಟಳು.

ಮರುದಿನ ಬೆಳಿಗ್ಗೆ ಹೊರಡುವುದೆಂದು ಗೊತ್ತಾಯಿತು.

ಬೆಳಗಾಯಿತು. ಮುಳ್ಳಜ್ಜಿ ಗೆಡ್ಡೆಗಳ ರಾಶಿಯನ್ನು ಮೆಳೆಯ ಹತ್ತಿರ ತಂದು ಹಾಕಿದ್ದಳು. ನರಿ ಮಾತ್ರ ಎಲ್ಲರಿಗಿಂತ ಮೊದಲೇ ಬಂದು ಗೂಡಿನ ಪಕ್ಕ ಕೂತಿತ್ತು. "ಹೊತ್ತಾಯ್ತು, ಬಿಸಿಲೇರತ್ತೆ, ಹೊರಡಿ ಹೊರಡಿ" ಎಂದು ಅವಸರ ಮಾಡುತ್ತಿತ್ತು.

ಚುಕ್ಕಮ್ಮ ಮೊಟ್ಟೆಗಳ ಮೇಲೆ ಒಣಗಿದ ಎಲೆ ಹೊದಿಸಿ ಎದ್ದಳು. ಎರಡು ಹೆಜ್ಜೆ ಹೋದಳು, ತಿರುಗಿ ನೋಡಿದಳು. ಮತ್ತೆರಡು ಹೆಜ್ಜೆ ಹೋದಳು, ಮತ್ತೆ ತಿರುಗಿ ನೋಡಿದಳು. ಆಮೇಲೆ ನಿಂತೇಬಿಟ್ಟಳು.

"ನರಿಯಣ್ಣಾ, ಹೋಗೋ ದಾರಿ ಹೇಳಿದೆ. ಬರೋ ದಾರಿ ಹೇಳಲಿಲ್ವಲ್ಲ?"

ಕಾಟಯ್ಯ ನಾಲಿಗೆ ಕಚ್ಚಿಕೊಂಡ. ಆ ಕಾಡಿನಲ್ಲಿ ಹುಲ್ಲು ಕಾಳು ತಿಂದು ಬದುಕುವವರಿಗೆ ಒಂದು ಕಟ್ಟುಪಾಡಿತ್ತು. ನೀರಿಗೆ ಬಾಯಿ ಹಾಕುವ ಮುಂಚೆ ಅವರು ಓಡಿಹೋಗುವ ದಾರಿ ನೋಡಿಕೊಳ್ಳುತ್ತಿದ್ದರು. ಅದೇ ರೀತಿ, ಹೊಸ ಜಾಗಕ್ಕೆ ಹೋಗುವ ದಾರಿ ಯಾರು ಹೇಳುತ್ತಾರೋ ಅವರೇ ತಿರುಗಿ ಬರುವ ದಾರಿಯನ್ನೂ ಬಿಡಿಸಿ ಹೇಳಬೇಕು. ಅದಿಲ್ಲದೆ ಯಾರೂ ಹೆಜ್ಜೆ ಎತ್ತುವಂತಿಲ್ಲ. ಬೆಟ್ಟದ ಸಂಭ್ರಮದಲ್ಲಿ ಎಲ್ಲರೂ ಅದನ್ನು ಮರೆತುಬಿಟ್ಟಿದ್ದರು. ನರಿಗಂತೂ ಅದರ ಗೊಡವೆಯೇ ಇರಲಿಲ್ಲ. ಅದು ಇನ್ನೊಬ್ಬರನ್ನು ಅಟ್ಟಿಸಿಕೊಂಡು ಹೋಗುವ ಜಾತಿ. ಮೇಲಾಗಿ ಅದು ಯೋಚನೆ ಮಾಡಿದ್ದು ಇವರನ್ನು ಕಳಿಸುವುದರ ಬಗ್ಗೆ. ಇವರು ಬರುವುದರ ಬಗ್ಗೆ ಅದೇಕೆ ತಲೆ ಕೆಡಿಸಿಕೊಳ್ಳುತ್ತದೆ?

"ಅದರಲ್ಲಿ ಹೇಳೋದೇನಿದೆ? ಹೋದ ದಾರೀಲೇ ಬರೋದಪ್ಪ" ಎಂದಿತು ನರಿ.

"ಬಿಡಿಸಿ ಹೇಳು" ಎಂದ ಕಾಟಯ್ಯ.

"ಕೊಳದಿಂದ ಹೊರಟ್ರೆ ಬಲಕ್ಕೆ ನೇರಳೆ ತೋಪು. ಆಮೇಲೆ ಏರು. ಎಡಕ್ಕೆ ಜಲಪಾತ..."

ಚಂಗಣ್ಣನ ಕಿವಿ ನೆಟ್ಟಗಾದವು. "ಬರುವಾಗ್ಲೂ ಏರಾ? ಇಳಿಯೋದಲ್ವಾ?"

"ಹಾಂ, ಇಳಿಯೋದೇ. ಬಾಯಿ ತಪ್ಪಿತು."

"ಜಲಪಾತ ಹೋಗುವಾಗ್ಲೂ ಎಡಕ್ಕಿತ್ತು. ಬರುವಾಗ ಬಲಕ್ಕೆ ಬರಬೇಕಲ್ವಾ? ಅದೇನು ದಾರಿ ದಾಟಿ ಈ ಕಡೆ ಬಂದು ನಿಂತ್ಕೊಳತ್ತಾ?"

ಚಂಗಣ್ಣ ನರಿಯನ್ನು ಸಿಕ್ಕಿಹಾಕಿಸಬೇಕೆಂದು ಕೇಳಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಆದರೆ ನರಿಯ ಮೂತಿ ಒಣಗಿತು. ಅದು ಆ ಕಡೆ ನೋಡಿತು, ಈ ಕಡೆ ನೋಡಿತು. ಕೊನೆಗೆ ಎದೆಯುಬ್ಬಿಸಿ ಹೇಳಿತು: "ನಾನು ಹಿಂದು ಹಿಂದಕ್ಕೆ ನಡೆದು ಬಂದೆ ಕಣಯ್ಯಾ! ಅಂಥಾ ಚೆಲುವಾದ ಬೆಟ್ಟಕ್ಕೆ ಬೆನ್ನು ತೋರಿಸಕ್ಕೆ ಮನಸ್ಸಾಗಲಿಲ್ಲ. ಹಿಂದಕ್ಕೆ ನಡೆದ್ರೆ ಎಡಕ್ಕಿದ್ದದ್ದು ಎಡಕ್ಕೇ ಇರತ್ತೆ!"

"ಹೌದಲ್ವಾ!" ಎಂದ ಚಂಗಣ್ಣ ಖುಷಿಯಿಂದ. ಉತ್ತರ ಸರಿಯಾಗಿಯೇ ಇತ್ತು ನೋಡಿ.

ಕಾಟಯ್ಯ ಮೂಗಿನಿಂದ ಬುಸ್ ಎಂದು ಗಾಳಿ ಬಿಟ್ಟ. "ಇಡೀ ಬೆಟ್ಟ ಹಿಂದಕ್ಕೆ ನಡೆದು ಇಳಿದವನಿಗೆ ಅತ್ತಿಮರದಿಂದ ಈ ಮೆಳೆವರೆಗೆ ನಡೆಯೋದು ಯಾವ ಲೆಕ್ಕ? ಒಂದ್ಸಲ ನಡೆದು ತೋರಿಸು. ನಾವೂ ಕಲಿತೀವಿ."

ಒಲ್ಲೆ ಎನ್ನುವಂತಿಲ್ಲ. ನರಿ ಮರದ ಹತ್ತಿರ ಹೋಗಿ, ಮೆಳೆಗೆ ಬೆನ್ನು ಮಾಡಿ ಹೆಜ್ಜೆ ಹಾಕಿತು. ಮೊದಲು ಅಳುಕುತ್ತಾ ನಡೆಯಿತು. ಬೀಳುವುದಿಲ್ಲ ಎಂದು ಗೊತ್ತಾದ ಮೇಲೆ ಠೀವಿ ಬಂತು. ತಲೆ ಎತ್ತಿ, ಬಾಲ ಬೀಸುತ್ತಾ, ಎರಡೂ ಬದಿಯಲ್ಲಿ ನಿಂತವರ ಮುಖ ನೋಡುತ್ತಾ ಹಿಂದು ಹಿಂದಕ್ಕೆ ಬೇಗ ಬೇಗ ಬಂತು. ಮುಳ್ಳಜ್ಜಿ ಅಲ್ಲಿ ಬಗ್ಗಿ ಗೆಡ್ಡೆ ಆರಿಸುತ್ತಿದ್ದಳು. ಅವಳ ಬೆನ್ನೂ ನರಿಯ ಕಡೆಗೇ ಇತ್ತು.

ನರಿಯ ಹಿಂಭಾಗ ಮುಳ್ಳಜ್ಜಿಯ ಹಿಂಭಾಗಕ್ಕೆ ಹೋಗಿ ಬಡಿಯಿತು. ಬೆಚ್ಚಿಬಿದ್ದ ಮುಳ್ಳಜ್ಜಿ ಮುಳ್ಳೆಲ್ಲ ನಿಮಿರಿಸಿದಳು.

"ಅಯ್ಯಯ್ಯೋ! ಸತ್ತೆ! ಒಂದು ಗೂಡು ಮೊಟ್ಟೆ ತಿನ್ನೋ ಆಸೆಗೆ ನನಗೆ ಇದೆಲ್ಲ ಬೇಕಿತ್ತಾ!" ಎಂದು ನರಿ ಕಾಡೆಲ್ಲ ಕೇಳುವಂತೆ ಕಿರುಚಿತು.

ಕಿರುಚಿದ ಮೇಲೆ ತಾನು ಹೇಳಿದ್ದೇನು ಎಂದು ಅದಕ್ಕೇ ಕೇಳಿಸಿತು. ಆದರೆ ಹೊರಗೆ ಬಂದ ಮಾತನ್ನು ಮತ್ತೆ ಒಳಗೆ ಹಾಕಿಕೊಳ್ಳಲು ಬರುತ್ತದೆಯೇ?

ಚುಕ್ಕಮ್ಮ ಓಡಿ ಹೋಗಿ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕೂತಳು. ಭಯಕ್ಕಿಂತ ಅವಳಿಗೆ ಅವಮಾನವೇ ಹೆಚ್ಚಾಗಿತ್ತು.

"ನನ್ನ ಆಸೆ ನೋಡ್ಕೊಂಡೇ ಬಂದೆಯಲ್ಲೋ" ಎಂದಳು ನರಿಗೆ. ಆಮೇಲೆ ಉಳಿದವರಿಗೆ, "ನಂದೇ ತಪ್ಪು. ನನಗ್ಯಾಕೆ ಬೇಕಿತ್ತು ಬೆಟ್ಟ?" ಎಂದಳು.

"ಬೆಟ್ಟ ನೋಡಬೇಕು ಅನ್ನೋದು ತಪ್ಪೇನವ್ವಾ?" ಎಂದ ಕಾಟಯ್ಯ. "ಬೆಟ್ಟ ಎಲ್ಲೂ ಓಡಿ ಹೋಗಲ್ಲ. ಮರಿ ಹೊರಗೆ ಬರಲಿ. ಎಲ್ಲರೂ ಒಟ್ಟಿಗೆ ಹೋಗೋಣ."

ಆ ದಿನವೆಲ್ಲ ಮುಳ್ಳಜ್ಜಿ ನರಿಯ ಮುಳ್ಳು ಕೀಳುತ್ತಾ ಕೂತಳು. ಒಂದೊಂದು ಮುಳ್ಳಿಗೂ ಒಂದೊಂದು ಪ್ರಶ್ನೆ. "ಜಲಪಾತ ನೋಡಿದ್ಯಾ?" "ಇಲ್ಲಜ್ಜೀ!" "ಕೊಳ?" "ಅದೂ ಇಲ್ಲಜ್ಜೀ!" "ಹಳ್ಳನಾದರೂ ದಾಟಿದ್ಯಾ?" "ನೀರು ಅಂದ್ರೆ ನನಗೆ ಭಯ ಅಜ್ಜೀ!" ಪಕ್ಕದಲ್ಲಿ ಕೂತ ಚಂಗಣ್ಣ ತನ್ನ ಪ್ರಶ್ನೆಗಳನ್ನೂ ಸೇರಿಸಿದ.

ಮೊಟ್ಟೆಯೊಡೆದು ಮರಿಗಳು ಬಂದವು. ಕಾಲು ಗಟ್ಟಿಯಾಗುವವರೆಗೆ ಎಲ್ಲರೂ ಕಾದರು. ಹೊರಡುವ ದಿನ ನರಿ ಕುಂಟುತ್ತಾ ಬಂದು, "ನನ್ನನ್ನೂ ಕರ್ಕೊಂಡು ಹೋಗಿ. ನಾನು ನಿಜವಾಗ್ಲೂ ಬೆಟ್ಟ ನೋಡಿಲ್ಲ" ಎಂದಿತು. ಮುಳ್ಳು ಚುಚ್ಚದೆ ಅದು ಹೇಳಿದ ಮೊದಲ ನಿಜ ಅದು. ಆದರೆ ಮರಿಗಳು ಆಗಲೇ ಅಮ್ಮನ ರೆಕ್ಕೆಯಡಿ ಸೇರಿಕೊಂಡಿದ್ದವು. "ನಾವು ಹೋಗಿ ಬಂದ ಮೇಲೆ ಎರಡೂ ದಾರಿ ಹೇಳ್ತೀವಿ. ನೀನೊಬ್ಬನೇ ಹೋಗು" ಎಂದಳು ಚುಕ್ಕಮ್ಮ.

ದಾರಿ ಹೇಳುವವರು ಯಾರೂ ಇಲ್ಲವಾದ್ದರಿಂದ ಅವರು ಪ್ರತಿ ತಿರುವಿನಲ್ಲೂ ನಿಂತು ಹಿಂದಕ್ಕೆ ತಿರುಗಿ ನೋಡಿದರು. ಬರುವಾಗ ಇದು ಹೇಗೆ ಕಾಣುತ್ತದೆ ಎಂದು ಮನಸ್ಸಿನಲ್ಲಿಟ್ಟುಕೊಂಡರು. ಬೋಳುಬಂಡೆ ಇರಲಿಲ್ಲ. ನೇರಳೆ ತೋಪೂ ಇರಲಿಲ್ಲ. ಇದ್ದದ್ದು ಹುಲ್ಲುಗಾವಲು, ಹೆಸರು ಗೊತ್ತಿಲ್ಲದ ಹಳದಿ ಹೂ, ಕಲ್ಲಿನ ಸಂದಿಯಿಂದ ಜಿನುಗುವ ತಣ್ಣನೆಯ ನೀರು. ಮೋಡ ಮುಟ್ಟಿದರೆ ಒದ್ದೆಯಾಗುತ್ತದೆ ಎಂದು ಚಂಗಣ್ಣನಿಗೆ ತಿಳಿಯಿತು. ಅವನು ಒದ್ದೆಯಾದ ಕಿವಿ ಕೊಡವಿಕೊಂಡು ಮತ್ತೆ ಮತ್ತೆ ಮುಟ್ಟಿ ನೋಡಿದ.

ತುದಿ ತಲುಪಿ ಎಲ್ಲರೂ ಕೊನೆಯ ಸಲ ಹಿಂದಕ್ಕೆ ತಿರುಗಿದರು. ಕೆಳಗೆ ಅವರ ಕಾಡು ಪೂರ್ತಿ ಹರಡಿಕೊಂಡಿತ್ತು. ಅದನ್ನು ಹಾಗೆ ಒಟ್ಟಿಗೆ ಯಾರೂ ಎಂದೂ ಕಂಡಿರಲಿಲ್ಲ.

"ಅಮ್ಮಾ, ಅಷ್ಟು ದೂರ ಬಂದಿದೀವಾ? ನಮ್ಮನೆ ಎಲ್ಲಿ?" ಎಂದು ಒಂದು ಮರಿ ಹೆದರಿ ಕೇಳಿತು.

ಚುಕ್ಕಮ್ಮ ಮರಿಯನ್ನು ಪಕ್ಕಕ್ಕೆ ಎಳೆದುಕೊಂಡಳು. "ಆ ಹುಲ್ಲುಗಾವಲು ಇಳಿದು, ಹಳದಿ ಹೂವನ್ನ ಬಲಕ್ಕೆ ಬಿಟ್ಟು ನಡೆದ್ರೆ ಹಳ್ಳ ಸಿಗತ್ತೆ. ಹಳ್ಳದ ಪಕ್ಕ ಕಪ್ಪಗೆ ಬಿದಿರು ಮೆಳೆ ಕಾಣತ್ತಲ್ಲ, ಅದೇ ನಮ್ಮನೆ" ಎಂದಳು.

ಮರಿಯ ಹೆದರಿಕೆ ಹೋಯಿತು. ಅದು ಅಮ್ಮನ ಪಕ್ಕದಿಂದ ಹೊರಗೆ ಬಂದು, ಬೆಟ್ಟದ ಆಚೆ ಏನಿದೆ ಎಂದು ನೋಡಲು ಓಡಿತು.

ನೀತಿ: ನಮ್ಮನ್ನು ಹೊರಡಿಸಲು ಅವಸರ ಮಾಡುವವರ ಹತ್ತಿರ ತಿರುಗಿ ಬರುವ ದಾರಿಯನ್ನು ಮೊದಲು ಕೇಳಬೇಕು, ಅದನ್ನು ಹೇಳಲಾರದವರು ನಮ್ಮ ಒಳಿತನ್ನು ಬಯಸಿದವರಲ್ಲ.